ಝೆಡ್ ಸ್ಕೇಲ್: ಯಾವ ಕಂಪನಿ, ಯಾವ ಕಂಟ್ರೋಲರ್?

ಝೆಡ್ ಸ್ಕೇಲ್ ಅಂದರೆ ಪುಟ್ಟ ಮಾದರಿ ರೈಲುಗಳ ಒಂದು ಅಳತೆ: 1:220, ಅಂದರೆ ನಿಜ ರೈಲಿನ 220ರಲ್ಲಿ ಒಂದು ಪಾಲು, ಹಳಿಗಳ ನಡುವೆ ಬರೀ 6.5 ಮಿ.ಮೀ. ಜರ್ಮನಿಯ ಮಾರ್ಕ್ಲಿನ್ ಇದನ್ನು 1972ರಲ್ಲಿ ಶುರು ಮಾಡಿತು. ಈಗ ಜಪಾನಿನ ರೊಕುಹಾನ್, ಅಮೆರಿಕದ ಮೈಕ್ರೋ-ಟ್ರೈನ್ಸ್, ಅಮೆರಿಕನ್ ಝೆಡ್ ಲೈನ್ ಕೂಡ ಇವೆ. ಗೇಜ್ (ಹಳಿಗಳ ನಡುವಿನ ಅಂತರ) ಎಲ್ಲರದ್ದೂ ಒಂದೇ, ಒಬ್ಬರ ಎಂಜಿನ್ ಇನ್ನೊಬ್ಬರ ಹಳಿ ಮೇಲೆ ಓಡುತ್ತದೆ. ತಕರಾರು ಬರುವುದು ಬೋಗಿ ಜೋಡಿಸುವಾಗ.

ಮಾರ್ಕ್ಲಿನ್ ಕೊಕ್ಕೆಗೂ ಮೈಕ್ರೋ-ಟ್ರೈನ್ಸ್‌ನ ಮ್ಯಾಗ್ನೆಟ್ ಕಪ್ಲರ್‌ಗೂ (ಬೋಗಿ ಜೋಡಿಸುವ ಕೊಂಡಿ) ಹೊಂದುವುದಿಲ್ಲ. ಹಾಗಾಗಿ ಯಾವ ದೇಶದ ರೈಲು ಬೇಕು ಅಂತ ಮೊದಲು ತೀರ್ಮಾನಿಸಿ, ಕಂಪನಿ ತಾನಾಗೇ ತೀರ್ಮಾನವಾಗುತ್ತದೆ. ಎರಡೂ ಬೇಕೇ ಬೇಕು ಅಂದರೆ ಒಂದು ಬೋಗಿಯ ಒಂದು ತುದಿಗೆ ಆ ಕಪ್ಲರ್, ಇನ್ನೊಂದು ತುದಿಗೆ ಈ ಕಪ್ಲರ್ ಹಾಕಿ ನಡುವೆ ಸೇರಿಸಿ.

ಹಳಿಗೆ ನನ್ನ ವೋಟು ರೊಕುಹಾನ್‌ಗೆ. ಜಲ್ಲಿಯ ತಳ ಸೇರಿಯೇ ಬರುತ್ತದೆ, ಪಾಯಿಂಟ್ (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಕವಲು) ತಿರುಗಿಸುವ ಮೋಟಾರೂ ಒಳಗೇ ಅಡಗಿರುತ್ತದೆ. ಆದರೆ ಅದರ ಪಾಯಿಂಟ್‌ಗೆ ಎರಡು ತಂತಿ, ಮಾರ್ಕ್ಲಿನ್‌ದಕ್ಕೆ ಮೂರು. ಒಂದರ ಸ್ವಿಚ್ಚನ್ನು ಇನ್ನೊಂದಕ್ಕೆ ಹಾಗೇ ಸಿಕ್ಕಿಸಬೇಡಿ. ಇಕ್ಕಟ್ಟಾದ ತಿರುವೂ ಬೇಡ: ಮಾರ್ಕ್ಲಿನ್‌ನ ಅತಿ ಚಿಕ್ಕ ತಿರುವು 145 ಮಿ.ಮೀ. ತ್ರಿಜ್ಯದ್ದು, ಉದ್ದನೆಯ ಎಂಜಿನ್‌ಗಳು ಅಲ್ಲಿ ಒದ್ದಾಡುತ್ತವೆ. ಜಾಗ ಇದ್ದರೆ 195 ಅಥವಾ 220 ತಗೊಳ್ಳಿ.

ಈಗ ಕಂಟ್ರೋಲರ್, ಅಂದರೆ ಹಳಿಗೆ ಕರೆಂಟ್ ಕೊಟ್ಟು ರೈಲಿನ ವೇಗ ಹೆಚ್ಚು ಕಮ್ಮಿ ಮಾಡುವ ಡಬ್ಬಿ. ಇಲ್ಲಿ ಎಚ್ಚರ ಬೇಕು. ಮಾರ್ಕ್ಲಿನ್ ಝೆಡ್ ಕಂಟ್ರೋಲರ್ ಕೊಡುವುದು ಹೆಚ್ಚೆಂದರೆ 10 ವೋಲ್ಟ್, ದೊಡ್ಡ ಸ್ಕೇಲ್‌ಗಳದ್ದು 12 ದಾಟುತ್ತದೆ, ಮನೆಯಲ್ಲಿ ಬಿದ್ದಿದೆ ಅಂತ ಅದನ್ನೇ ಹಚ್ಚಿದರೆ ಪುಟ್ಟ ಮೋಟಾರು ಸುಟ್ಟುಹೋಗಬಹುದು.

ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್, ಅಂದರೆ ಒಂದೊಂದು ಎಂಜಿನ್‌ಗೂ ಬೇರೆ ಬೇರೆ ಆದೇಶ ಕಳಿಸುವ ಡಿಜಿಟಲ್ ವ್ಯವಸ್ಥೆ) ಬೇಕಾ? ಒಂದೇ ಹಳಿ ಮೇಲೆ ಎರಡು ಮೂರು ರೈಲನ್ನು ಬೇರೆ ಬೇರೆಯಾಗಿ ಓಡಿಸುವ ಆಸೆ ಇದ್ದರೆ ಬೇಕು, ಇಲ್ಲದಿದ್ದರೆ ಸುಮ್ನೆ ಖರ್ಚು. ಅದರಲ್ಲಿ ಹಳಿಗೆ ಸದಾ ಪೂರ್ತಿ ವೋಲ್ಟೇಜ್ ಹರಿಯುತ್ತದೆ, ಎಂಜಿನ್ ಒಳಗಿನ ಡಿಕೋಡರ್ ಎಂಬ ಪುಟ್ಟ ಸರ್ಕ್ಯೂಟ್ ತನ್ನ ನಂಬರಿಗೆ ಬಂದ ಆದೇಶ ಮಾತ್ರ ಕೇಳುತ್ತದೆ. ಝೆಡ್ ಎಂಜಿನ್‌ಗಳ ಒಳಗೆ ಜಾಗವೇ ಕಮ್ಮಿ, ಅಲ್ವಾ? ಅದಕ್ಕೇ ಕೊಳ್ಳುವಾಗಲೇ ಡಿಕೋಡರ್‌ಗೆ ಜಾಗ ಇದೆಯಾ ಕೇಳಿ, ಲೋಹದ ಚಾಸಿ ಕೊರೆಯುವ ಕೆಲಸ ಹೊಸಬರಿಗಲ್ಲ. ಡಿಕೋಡರ್ ಇಲ್ಲದ ಎಂಜಿನ್ನನ್ನಂತೂ ಡಿಸಿಸಿ ಹಳಿ ಮೇಲೆ ಒಂದು ನಿಮಿಷವೂ ನಿಲ್ಲಿಸಬೇಡಿ, ನಿಂತಲ್ಲೇ ಮೋಟಾರು ಬಿಸಿಯಾಗಿ ಹಾಳಾಗುತ್ತದೆ.

ರೈಲು ತಡೆತಡೆದು ಓಡಿದರೆ ಕಂಟ್ರೋಲರನ್ನು ಬೈಯಬೇಡಿ. ಇಷ್ಟು ಹಗುರದ ಎಂಜಿನ್‌ಗೆ ಚೂರು ಧೂಳಿದ್ದರೂ ಕರೆಂಟ್ ಸಿಗುವುದಿಲ್ಲ. ಮೊದಲು ಹಳಿ, ಆಮೇಲೆ ಚಕ್ರ ಒರೆಸಿ ನೋಡಿ.