ಕರಮಳಿ ಕೆರೆಯಲ್ಲಿ ಹಕ್ಕಿ ಫೋಟೊ: ಬೆಳ್ಳಕ್ಕಿ ಸುಣ್ಣದ ಉಂಡೆಯಂತೆ ಬಾರದಿರಲು

ಗೋವಾದ ಕನ್ನಡಿಗ ಮಿತ್ರರೇ, ಕರಮಳಿ ಕೆರೆಗೆ ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ವಲಸೆ ಬಾತುಗಳೂ ಸಿಗುತ್ತವೆ. ಕೆರೆ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಬೆಳಿಗ್ಗೆ ಸೂರ್ಯ ಬೆನ್ನಿಗಿರುವ ಕಡೆ ನಿಲ್ಲಿ.

ಹೆಚ್ಚಿನವರ ಫೋಟೊ ಕೆಡುವುದು ಬೆಳ್ಳಕ್ಕಿಯಲ್ಲಿ. ಸುತ್ತ ಕಪ್ಪು ನೀರು, ನಡುವೆ ಬಿಳಿ ಹಕ್ಕಿ. ಕ್ಯಾಮೆರಾ ಕತ್ತಲೆಂದು ತಿಳಿದು ಬೆಳಕು ಹೆಚ್ಚಿಸುತ್ತದೆ, ಗರಿಯ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಕ್ಯಾಮೆರಾ ತಾನೇ ಆರಿಸಿದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) -0.7ರಿಂದ -1ಕ್ಕೆ ಇಳಿಸಿ, ಒಂದು ಕ್ಲಿಕ್ ಮಾಡಿ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ನೋಡಿ. ಅದು ಬಲತುದಿಗೆ ಅಂಟಿದ್ದರೆ ಇನ್ನೂ ಇಳಿಸಿ. ಹೊಳೆಯುವ ನೀರಿನ ಮೇಲೆ ಕೂತ ನೀರುಕಾಗೆಗೆ ಇದರ ಉಲ್ಟಾ, +1ರವರೆಗೆ ಏರಿಸಿ. ಆಮೇಲೆ ಸೊನ್ನೆಗೆ ತರಲು ಮರೆಯಬೇಡಿ, ಎಲ್ಲರೂ ಮರೆಯುವುದು ಇದನ್ನೇ.

ಹಾರುವ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡ್, ಕೂತದ್ದಕ್ಕೆ 1/800 ಸಾಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊದಲ್ಲಿಟ್ಟು ಗರಿಷ್ಠ ಮಿತಿ 3200 ಕೊಡಿ. ಜೊಂಡಿನ ನಡುವಿನ ಜಂಬುಕೋಳಿಗೆ ಸಿಂಗಲ್ ಪಾಯಿಂಟ್ ಫೋಕಸ್ (ನೀವು ಆರಿಸಿದ ಒಂದೇ ಬಿಂದುವಿಗೆ ಫೋಕಸ್) ಬೇಕು, ಇಲ್ಲವಾದರೆ ಮುಂದಿನ ಹುಲ್ಲುಕಡ್ಡಿಯೇ ಶಾರ್ಪ್.

ಟ್ರೈಪಾಡ್ ಬದಲು ಒಂದು ಕಿಲೊ ಅಕ್ಕಿ ತುಂಬಿದ ಬಟ್ಟೆಚೀಲವನ್ನು ಕಟ್ಟೆಯ ಮೇಲಿಟ್ಟು ಲೆನ್ಸ್ ಊರಿ. ಕ್ಯಾಮೆರಾ ತಗ್ಗಿದಷ್ಟೂ ಹಿನ್ನೆಲೆ ಮಸುಕಾಗಿ ಚೆಂದ.

ಬಿಸಿಲೇರಿದ ಮೇಲೆ ದೂರದ ಶಿಳ್ಳೆಬಾತುಗಳು ಅಲುಗಿದಂತೆ ಬಂದರೆ ಲೆನ್ಸನ್ನು ಬೈಯಬೇಡಿ. ಅದು ಬಿಸಿಗಾಳಿಯ ಕಂಪನ, ದುಬಾರಿ ಲೆನ್ಸಿಗೂ ತಪ್ಪದು. ಹತ್ತಿರದ ಮಿಂಚುಳ್ಳಿ ಹುಡುಕಿ. ಎಸಿ ಕಾರಿನಿಂದ ಇಳಿದರೆ ಅರ್ಧ ಗಂಟೆ ಬ್ಯಾಗ್ ತೆರೆಯಬೇಡಿ, ಗಾಜಿಗೆ ಮಂಜು ಕಟ್ಟುತ್ತದೆ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು, ಗೂಡಿನ ಹತ್ತಿರ ಹೋಗುವುದು ಬೇಡವೇ ಬೇಡ.