ಬಾರದೆ ಹೋದವರ ಕೇಸ್‌ಪೇಪರುಗಳು

ಮುಂಬಯಿಯ ಚೆಂಬೂರಿನಲ್ಲಿರುವ ನನ್ನ ದವಾಖಾನೆಗೆ ಬರುವವರಲ್ಲಿ ಹೆಚ್ಚಿನವರು ಕನ್ನಡಿಗರು: ಕುಂದಾಪುರ, ಉಡುಪಿ ಕಡೆಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರು ಮತ್ತು ಕಲಬುರಗಿ, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಬಿ.ಪಿ. ರೋಗಿಗಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೇನೆ ಎಂದು ಹಲವು ವರ್ಷ ನಂಬಿದ್ದೆ. ಎದುರಿಗೆ ಬಂದು ಕುಳಿತವರ ಬಿ.ಪಿ. ಬಹುಮಟ್ಟಿಗೆ ಹತೋಟಿಯಲ್ಲಿರುತ್ತಿತ್ತು, ಬಾರದವರ ಲೆಕ್ಕವನ್ನು ನಾನು ಇಟ್ಟಿರಲಿಲ್ಲ. ಒಂದು ಮಳೆಗಾಲದ ಮಧ್ಯಾಹ್ನ ರಸ್ತೆಯಲ್ಲಿ ನೀರು ನಿಂತು ಯಾರೂ ಬಾರದಿದ್ದಾಗ, ಕೇಸ್‌ಪೇಪರುಗಳನ್ನೆಲ್ಲ ತೆಗೆದು, ಕಳೆದ ಮೂರು ತಿಂಗಳಲ್ಲಿ ಬಂದು 140/90ಕ್ಕಿಂತ ಕೆಳಗಿದ್ದವರು, ಬಂದರೂ ಕೆಳಗಿಳಿಯದವರು, ಬರಲೇ ಇಲ್ಲದವರು ಎಂದು ಮೂರು ಕಟ್ಟು ಮಾಡಿದೆ. ಮೂರನೆಯ ಕಟ್ಟೇ ಎಲ್ಲಕ್ಕಿಂತ ದಪ್ಪವಾಗಿತ್ತು.

ಈ ಲೆಕ್ಕದ ರೀತಿ ನನ್ನದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಕೇಂದ್ರ ಆರೋಗ್ಯ ಸಚಿವಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ ರಾಜ್ಯ ಸರ್ಕಾರಗಳೊಡನೆ ಸೇರಿ 2017ರಲ್ಲಿ ಆರಂಭಿಸಿದ ರಕ್ತದೊತ್ತಡ ನಿಯಂತ್ರಣ ಯೋಜನೆಯ ಮೊದಲ ಐದು ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದು. ಅಲ್ಲಿ ಬಾರದವರನ್ನು ಒಟ್ಟು ಲೆಕ್ಕದಿಂದ ಬಿಡುವುದಿಲ್ಲ, ಹತೋಟಿಗೆ ಬಂದವರಲ್ಲಿ ಎಣಿಸುವುದೂ ಇಲ್ಲ. ನಿಷ್ಠುರವೆನಿಸಿದರೂ ವೈದ್ಯನ ಕಣ್ಣು ತೆರೆಸುವ ಲೆಕ್ಕವದು.

ಮೊದಲು ತಿದ್ದಿಕೊಂಡದ್ದು ಅಳೆಯುವ ಕ್ರಮವನ್ನು. ಮಹಡಿ ಹತ್ತಿ ಏದುಸಿರಿನಲ್ಲಿ ಬಂದವರ ತೋಳಿಗೆ ಕೂಡಲೇ ಪಟ್ಟಿ ಸುತ್ತಿ, ಮಾತನಾಡಿಸುತ್ತಲೇ ಅಳೆದು, ಬಂದ ಅಂಕೆಗೆ ಮಾತ್ರೆ ಬರೆಯುತ್ತಿದ್ದೆ. ಈಗ ಐದು ನಿಮಿಷ ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಸುಮ್ಮನೆ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಿಸಿ ಎರಡು ಸಲ ನೋಡುತ್ತೇವೆ. ಹಮಾಲಿ ಮಾಡುವವರ ದಪ್ಪ ತೋಳಿಗೆ ದೊಡ್ಡ ಪಟ್ಟಿಯನ್ನೂ ತರಿಸಿದೆ. ಸಣ್ಣ ಪಟ್ಟಿ ಇಲ್ಲದ ಬಿ.ಪಿ.ಯನ್ನು ತೋರಿಸುತ್ತದೆ.

ಔಷಧದಲ್ಲಿ ಹೊಸದೇನನ್ನೂ ಮಾಡಲಿಲ್ಲ, ಬರೆಯುವ ಔಷಧಗಳ ಬಗೆಗಳನ್ನು ಕಡಿಮೆ ಮಾಡಿದೆ. ಬೇರೆ ತೊಡಕಿಲ್ಲದವರಿಗೆ ಅಮ್ಲೋಡಿಪಿನ್ 5 ಮಿಲಿಗ್ರಾಂ, ತಿಂಗಳ ನಂತರವೂ ಇಳಿಯದಿದ್ದರೆ ಜೊತೆಗೆ ಟೆಲ್ಮಿಸಾರ್ಟಾನ್ 40, ಆಮೇಲೂ ಬೇಕಾದರೆ ಪ್ರಮಾಣದ ಏರಿಕೆ ಅಥವಾ ಕ್ಲೋರ್ತಾಲಿಡೋನ್. ಗರ್ಭ ಧರಿಸುವ ಸಾಧ್ಯತೆಯಿರುವವರಿಗೆ ಮಾತ್ರ ಟೆಲ್ಮಿಸಾರ್ಟಾನ್ ಕೊಡುವುದಿಲ್ಲ. ಕಂಪನಿಯ ಹೆಸರಿನ ಬದಲು ಔಷಧದ ಹೆಸರನ್ನೇ ಬರೆಯುತ್ತೇನೆ. ಎರಡು ಬೇರೆ ಡಬ್ಬಿಗಳಲ್ಲಿದ್ದ ಅಮ್ಲೋಡಿಪಿನನ್ನೇ ಎರಡು ಔಷಧಗಳೆಂದು ದಿನವೂ ನುಂಗುತ್ತಿದ್ದ ಒಬ್ಬ ತಾಯಿ ಕಾಲು ಬಾತುಕೊಂಡು ಬಂದ ಮೇಲೆ ಕಲಿತ ಪಾಠವಿದು.

ಕಷ್ಟವಾದದ್ದು ಮೂರನೆಯ ಕಟ್ಟು. ನಮ್ಮ ಸಿಸ್ಟರ್ ಪ್ರತಿ ಶನಿವಾರ ಅದರಲ್ಲಿನ ಹೆಸರುಗಳಿಗೆ ಫೋನ್ ಮಾಡತೊಡಗಿದರು. ಬಿಟ್ಟವರಲ್ಲಿ ಹಣದ ಕಾರಣ ಹೇಳಿದವರು ನಾನೆಣಿಸಿದಷ್ಟು ಇರಲಿಲ್ಲ. ತಲೆನೋವಿಲ್ಲ, ಆದ್ದರಿಂದ ಬಿ.ಪಿ.ಯೂ ಇಲ್ಲ ಎಂದವರೇ ಹೆಚ್ಚು. ಇಪ್ಪತ್ತು ವರ್ಷಗಳಿಂದ ಸಾಂಬಾರಿನ ಉಪ್ಪು ನೋಡುತ್ತ ಬಂದ ಕುಂದಾಪುರದ ಅಡುಗೆ ಭಟ್ಟರೊಬ್ಬರು, ಮೇ ತಿಂಗಳ ರಜೆ ಮುಗಿಸಿ 180/110 ಹೊತ್ತು ಬಂದಾಗ, ಮಾತ್ರೆ ಏಕೆ ಬಿಟ್ಟಿರೆಂದು ಕೇಳಿದೆ. "ಊರಗೆ ಬಿ.ಪಿ. ಎಲ್ಲಿತ್ತ್ ಡಾಕ್ಟ್ರೆ?" ಎಂದು ನಕ್ಕರು. ಮುಂಬಯಿಯ ಗಡಿಬಿಡಿಯೇ ಬಿ.ಪಿ., ಊರಿನ ಗಾಳಿಗೆ ಅದು ತಾನಾಗಿ ಇಳಿಯುತ್ತದೆ ಎಂಬುದು ಅವರ ತರ್ಕ. ವಾದಕ್ಕಿಳಿಯದೆ ಮುಂದಿನ ಸಲ ರೈಲಿನ ಟಿಕೆಟ್ ತೋರಿಸಲು ಹೇಳಿದೆ. ತಿರುಗಿ ಬರುವ ದಿನಕ್ಕೆ ಹತ್ತು ದಿನ ಕೂಡಿಸಿ ಮಾತ್ರೆ ಕೊಟ್ಟು, ಊರಿನಲ್ಲೇ ಒಮ್ಮೆ ಅಳೆಸಿ ಅಂಕೆಯನ್ನು ಬರೆದು ತರಲು ಕೇಳಿದೆ. ಮಾತ್ರೆ ನುಂಗಿದ ದಿನಗಳಲ್ಲಿ 136/84 ಎಂಬ ಚೀಟಿ ತಂದರು. ಅದು ಊರಿನ ಗಾಳಿಯ ಗುಣವೆಂದೇ ಈಗಲೂ ಹೇಳುತ್ತಾರೆ, ಮಾತ್ರೆಯನ್ನು ಮಾತ್ರ ಬಿಟ್ಟಿಲ್ಲ.

ಕಟ್ಟಡದ ಕೆಲಸದವರ ವಿಷಯದಲ್ಲಿ ನನಗಿನ್ನೂ ದಾರಿ ಸಿಕ್ಕಿಲ್ಲ. ಸೈಟು ಮುಗಿದರೆ ಪನ್ವೇಲಿಗೋ ಪುಣೆಗೋ ಹೋಗುತ್ತಾರೆ, ಸಿಮ್ ಬದಲಾಗುತ್ತದೆ, ಸಿಸ್ಟರ್ ಮಾಡಿದ ಫೋನು ಬೇರೆ ಯಾರಿಗೋ ಹೋಗುತ್ತದೆ. ಅವರಿಗೆ ಈಗ ಬಿ.ಪಿ.ಯ ಅಂಕೆಗಳನ್ನೂ ಮಾತ್ರೆಯ ಹೆಸರು, ಪ್ರಮಾಣಗಳನ್ನೂ ಬರೆದ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡುತ್ತಿದ್ದೇನೆ. ಮೊನ್ನೆ ಅವರಲ್ಲೊಬ್ಬರು ತಿರುಗಿ ಬಂದರು, ಆಧಾರ್ ಕಾರ್ಡಿನ ಹಿಂದೆ ಮಡಚಿಟ್ಟ, ಬೇರೊಬ್ಬ ವೈದ್ಯರ ಕೈಬರಹದ ಇನ್ನೂ ಎರಡು ಸಾಲುಗಳಿದ್ದ ಕಾರ್ಡಿನೊಡನೆ.