ಹಳೆ ಅಂಬಾಸಿಡರ್‌ಗೆ ಇಸುಜು ಎಂಜಿನ್: ಲೆಕ್ಕ ಹಿಂದಿನ ಚಕ್ರದಿಂದ ಶುರುವಾಗಲಿ

ಮಾರ್ಕ್ 2, ಮಾರ್ಕ್ 3 ಅಂಬಾಸಿಡರ್ ಇಟ್ಟುಕೊಂಡವರು ನಮ್ಮ ಗ್ಯಾರೇಜಿಗೆ ಬಂದರೆ ಮೊದಲು ಕೇಳುವುದೇ ಎಂಜಿನ್ ವಿಷಯ. 1489 ಸಿಸಿ ಹಳೆ ಎಂಜಿನ್ ತೆಗೆದು ಇಸುಜುವಿನ 1817 ಸಿಸಿ ಪೆಟ್ರೋಲ್ ಎಂಜಿನ್ ಕೂರಿಸಬೇಕು ಅಂತ. ಆಸೆ ಸರಿಯಾದದ್ದೇ. ಹಿಂದೂಸ್ತಾನ್ ಮೋಟಾರ್ಸ್ ತಾನೇ ಅದನ್ನು ಅಂಬಾಸಿಡರ್‌ಗೆ ಹಾಕಿ ಮಾರಿದೆ. ಆದರೆ ಕೊಳ್ಳುವ ಮುಂಚೆ ಕಾರಿನ ಹಿಂಭಾಗದಿಂದ ಲೆಕ್ಕ ಹಾಕಿಕೊಂಡು ಮುಂದಕ್ಕೆ ಬನ್ನಿ: ಟೈರ್, ಕ್ರೌನ್-ಪಿನಿಯನ್ (ಹಿಂದಿನ ಆಕ್ಸಲ್ ಒಳಗಿನ ಹಲ್ಲುಚಕ್ರದ ಜೋಡಿ), ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದನೆ ಶಾಫ್ಟ್), ಗೇರ್‌ಬಾಕ್ಸ್, ಕೊನೆಗೆ ಎಂಜಿನ್.

ಅದಕ್ಕೂ ಮುಂಚೆ ಆರ್‌ಸಿ ತೆಗೆದು ನೋಡಿ. ಎಂಜಿನ್ ನಂಬರ್ ಬದಲಾಗುವುದರಿಂದ ಆರ್‌ಟಿಒ ಅನುಮತಿ ಬೇಕೇ ಬೇಕು. ಕಾರಿಗೆ 50 ವರ್ಷ ದಾಟಿದ್ದರೆ ಇನ್ನೊಮ್ಮೆ ಯೋಚಿಸಿ. 2021ರ ವಿಂಟೇಜ್ ನೋಂದಣಿ ನಿಯಮದ ಪ್ರಕಾರ ಗಾಡಿ ಮೂಲ ರೂಪದಲ್ಲೇ ಇರಬೇಕು. ಅಂಥ ಕಾರಿನ ಮೂಲ ಎಂಜಿನ್ ಚೆನ್ನಾಗಿದ್ದರೆ, ಅದನ್ನೇ ರೀಬೋರ್ ಮಾಡಿಸಿ (ಸವೆದ ಸಿಲಿಂಡರ್ ಕೊರೆಸಿ ಸರಿಪಡಿಸಿ) ಅಂತ ನಾನು ಕೈಮುಗಿದು ಹೇಳುತ್ತೇನೆ.

ಈಗ ಹಿಂದಿನ ಆಕ್ಸಲ್‌ನ ಅನುಪಾತ, ಅಂದರೆ ಕ್ರೌನ್ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಅನ್ನುವುದನ್ನು ಅಳೆಯೋಣ. ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನ ಒಂದೇ ಚಕ್ರವನ್ನು ಜಾಕ್ ಹಾಕಿ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳಿಗೆ ಸುತ್ತು ಹಂಚುವ ಗೇರ್) ಅರ್ಧ ಮಾಡಿ, ಕ್ರೌನ್ ತಿರುಗುವುದು 10 ಸುತ್ತು ಮಾತ್ರ. ಶಾಫ್ಟ್ 48 ಮುಕ್ಕಾಲು ಸುತ್ತು ತಿರುಗಿದರೆ ಅನುಪಾತ 4.875, ಅಂದರೆ ಕ್ರೌನ್ 39 ಹಲ್ಲು, ಪಿನಿಯನ್ 8. ಹೌಸಿಂಗ್ ಬಿಚ್ಚದೆಯೇ ಗೊತ್ತಾಗುತ್ತದೆ. ಹಳೆ ಕಾರಿನಲ್ಲಿ ಯಾರು ಯಾವಾಗ ಏನು ಬದಲಿಸಿದ್ದಾರೋ, ಆದ್ದರಿಂದ ಪುಸ್ತಕದ ಅಂಕಿಗಿಂತ ಈ ಎಣಿಕೆಯನ್ನೇ ನಂಬಿ.

ಟೈರಿನ ಸುತ್ತಳತೆಯನ್ನೂ ಹೀಗೇ ನೆಲದ ಮೇಲೆ ಒಂದು ಸುತ್ತು ಉರುಳಿಸಿ ಟೇಪಿನಿಂದ ಅಳೆಯಿರಿ. 15 ಇಂಚಿನ ಚಕ್ರಕ್ಕೆ ಸುಮಾರು 2 ಮೀಟರ್ ಬಂತು ಎಂದಿಟ್ಟುಕೊಳ್ಳಿ. ಗಂಟೆಗೆ 80 ಕಿ.ಮೀ. ಅಂದರೆ ನಿಮಿಷಕ್ಕೆ 1333 ಮೀಟರ್, ಚಕ್ರಕ್ಕೆ 667 ಸುತ್ತು. 4.875ರಿಂದ ಗುಣಿಸಿದರೆ ಟಾಪ್ ಗೇರಿನಲ್ಲಿ (ಅನುಪಾತ 1) ಎಂಜಿನ್ 3250 ಆರ್‌ಪಿಎಂ. ಐದನೇ ಗೇರ್ 0.85 ಇರುವ ಬಾಕ್ಸ್ ಹಾಕಿದರೆ ಅದೇ ವೇಗಕ್ಕೆ 2760 ಸಾಕು. ಹಾಗಾಗಿ ಐದು ಗೇರಿನ ಬಾಕ್ಸ್ ಸಿಕ್ಕರೆ ಎಷ್ಟೋ ಸಲ ಕ್ರೌನ್-ಪಿನಿಯನ್ ಮುಟ್ಟುವುದೇ ಬೇಡ. ಬಾಕ್ಸ್ ಜೊತೆ ಕ್ರೌನ್-ಪಿನಿಯನ್ನನ್ನೂ ಕಡಿಮೆ ಅನುಪಾತದ್ದಕ್ಕೆ ಬದಲಿಸಿದರೆ ಚಾರ್ಮಾಡಿಯಂಥ ಘಾಟಿಯಲ್ಲಿ ಎರಡನೇ ಗೇರಿಗೇ ಗಾಡಿ ಏದುಸಿರು ಬಿಡುತ್ತದೆ.

ಎಂಜಿನ್ ಒಂದು ಕಡೆ, ಬಾಕ್ಸ್ ಇನ್ನೊಂದು ಕಡೆ ಕೊಳ್ಳಬೇಡಿ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ, ಶಿವಾಜಿನಗರದ ಗುಜರಿಗೇ ಹೋಗಿ, ಇಸುಜು ಎಂಜಿನ್ ಇರುವ ಒಂದೇ 1800 ಅಂಬಾಸಿಡರ್‌ನಿಂದ ಇಳಿಸಿದ ಎಂಜಿನ್, ಬೆಲ್ ಹೌಸಿಂಗ್, ಗೇರ್‌ಬಾಕ್ಸ್, ಸೆಲ್ಫ್ (ಸ್ಟಾರ್ಟರ್ ಮೋಟಾರ್), ಎಂಜಿನ್ ಕೂರುವ ಫೌಂಡೇಶನ್ ಬ್ರಾಕೆಟ್ ಸೆಟ್ ಆಗಿ ಕೇಳಿ. ಹಿಂದೂಸ್ತಾನ್ ಮೋಟಾರ್ಸ್‌ನದ್ದೇ ಕಾಂಟೆಸ್ಸಾ ಕಾರಿನಲ್ಲೂ ಇದೇ ಎಂಜಿನ್ ಬರುತ್ತಿತ್ತು, ಆದರೆ ಅದರಿಂದ ಇಳಿಸಿದ್ದಾದರೆ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ), ಬ್ರಾಕೆಟ್, ಗೇರ್ ಲಿವರ್ ಜಾಗ ಹೋಲಿಸಿ ನೋಡಿಯೇ ದುಡ್ಡು ಕೊಡಿ. ಕ್ಲಚ್ ಪ್ಲೇಟನ್ನು ಅಲ್ಲೇ ಇನ್‌ಪುಟ್ ಶಾಫ್ಟಿಗೆ ಹಾಕಿ ಜಾರಿಸಿ. ಹಿಡಿಯದೆ ಸರಾಗವಾಗಿ ಹೋಗಬೇಕು, ಎಡಬಲ ಅಲ್ಲಾಡಬಾರದು. ಇನ್‌ಪುಟ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಹೊಸದೇ ಹಾಕಿ.

ಅತಿ ಹೆಚ್ಚು ತಾಳ್ಮೆ ಬೇಡುವುದು ಪ್ರೊಪೆಲ್ಲರ್ ಶಾಫ್ಟ್. ಎಂಜಿನ್ ಪೂರ್ತಿ ಕೂತು, ಕಾರು ನಾಲ್ಕೂ ಚಕ್ರದ ಮೇಲೆ ನಿಂತ ಮೇಲೆಯೇ ಉದ್ದ ಅಳೆಯಿರಿ. ಸ್ಲೈಡಿಂಗ್ ಯೋಕ್ (ಶಾಫ್ಟಿನ ಒಳಗೆ-ಹೊರಗೆ ಜಾರುವ ತುದಿ) ಒಳಕ್ಕೆ ಇನ್ನೂ 20 ಮಿ.ಮೀ. ಆದರೂ ಹೋಗುವಷ್ಟು ಜಾಗ ಬಿಡಿ. ಗೇರ್‌ಬಾಕ್ಸ್ ಫ್ಲ್ಯಾಂಜ್, ಡಿಫರೆನ್ಷಿಯಲ್ ಫ್ಲ್ಯಾಂಜ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಆಗ ಮಾತ್ರ ಮುಂದಿನ ಕ್ರಾಸ್ (ಶಾಫ್ಟ್ ತುದಿಯ ಬಾಗುವ ಜಾಯಿಂಟ್) ಹುಟ್ಟಿಸುವ ವೇಗದ ಏರಿಳಿತವನ್ನು ಹಿಂದಿನ ಕ್ರಾಸ್ ಅಳಿಸುತ್ತದೆ. ಎರಡೂ ಕಡೆ 1ರಿಂದ 3 ಡಿಗ್ರಿ ಕೋನ ಸಾಕು. ಕೋನ ತಪ್ಪಿದ್ದರೆ ಪ್ಲೇಟ್ ಸ್ಪ್ರಿಂಗಿಗೂ ಆಕ್ಸಲ್‌ಗೂ ನಡುವೆ ಓರೆ ಪ್ಯಾಕಿಂಗ್ ಕೊಟ್ಟು ಸರಿಪಡಿಸಿ. ಲೇತ್‌ನಲ್ಲಿ ಕತ್ತರಿಸಿ ವೆಲ್ಡ್ ಮಾಡಿಸಿದ ಶಾಫ್ಟನ್ನು ಬ್ಯಾಲೆನ್ಸಿಂಗ್ ಮಾಡಿಸದೆ ಹಾಕಲೇಬೇಡಿ. 60 ದಾಟಿದೊಡನೆ ಕಾಲಡಿಯ ತಗಡು ನಡುಗಲು ಶುರುವಾದರೆ ಮೊದಲು ಇಲ್ಲೇ ನೋಡಿ.

ಬ್ರೇಕ್ ಬಗ್ಗೆ ಹಟವಾಗಿಯೇ ಹೇಳುತ್ತೇನೆ. ಹಳೆ ಮಾರ್ಕ್‌ಗಳಲ್ಲಿ ನಾಲ್ಕೂ ಡ್ರಮ್. ಹೆಚ್ಚು ಶಕ್ತಿಯ ಎಂಜಿನ್ ಹಾಕಿದ ಮೇಲೆ, ಕೊನೆಕೊನೆಯ ಅಂಬಾಸಿಡರ್‌ಗಳಲ್ಲಿ ಬಂದ ಮುಂದಿನ ಡಿಸ್ಕ್ ಸೆಟ್, ಅದರ ಮಾಸ್ಟರ್ ಸಿಲಿಂಡರ್ ಮತ್ತು ಬೂಸ್ಟರ್ ಸಮೇತ ಹಾಕಿಸಿ. ಬಜೆಟ್ ಸಾಲದಿದ್ದರೆ ಎಂಜಿನ್ ಕೆಲಸವನ್ನೇ ಮುಂದಕ್ಕೆ ಹಾಕಿ. ರೇಡಿಯೇಟರನ್ನೂ ಇಸುಜು ಕಾರಿನದ್ದೇ ತನ್ನಿ. ಮೂತಿ ತಗ್ಗಿದ್ದರೆ ಟಾರ್ಷನ್ ಬಾರ್ (ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಹೊಂದಿಸಿ ಎತ್ತರ ಸರಿ ಮಾಡಿ, ಆಮೇಲೆ ಅಲೈನ್‌ಮೆಂಟ್.

ಮೊದಲ 500 ಕಿ.ಮೀ. ಆದ ಮೇಲೆ ಫೌಂಡೇಶನ್, ಕ್ರಾಸ್ ಮೆಂಬರ್, ಶಾಫ್ಟ್ ಬೋಲ್ಟುಗಳನ್ನು ಟಾರ್ಕ್ ವ್ರೆಂಚ್ ಹಿಡಿದು ಮತ್ತೆ ಬಿಗಿ ಮಾಡಿ. ಬಾಕ್ಸ್ ಬದಲಾದ್ದರಿಂದ ಸ್ಪೀಡೋಮೀಟರ್ ಸುಳ್ಳು ಹೇಳುತ್ತಿರಬಹುದು. ಮೊಬೈಲ್ ಜಿಪಿಎಸ್ ಜೊತೆ ಹೋಲಿಸಿ, ವ್ಯತ್ಯಾಸ ಬಂದರೆ ಬಾಕ್ಸಿನೊಳಗಿನ ಸ್ಪೀಡೋ ಪಿನಿಯನ್ ಬದಲಿಸಿ.